ಮೆದುಳಿನ ಆಪರೇಷನ್ ಬಗ್ಗೆ ಬಂದ ಸಂಶೋಧನಾ ಪೇಪರ್ ಓದುವಾಗ ಎಲ್ಲಿ ಕಣ್ಣಿಡಬೇಕು

ಮನೆಯವರಿಗೆ ಮೆದುಳಿನ ಆಪರೇಷನ್ ಬೇಕು ಅಂತ ಡಾಕ್ಟರ್ ಹೇಳಿದ ರಾತ್ರಿ ಯಾರಿಗೂ ನಿದ್ದೆ ಬರಲ್ಲ. ಮೊಬೈಲ್ ಹಿಡಿದು ಕೂರುತ್ತೇವೆ. ಯಾವುದೋ ಸಂಶೋಧನಾ ಪೇಪರ್‌ನಲ್ಲಿ ಯಶಸ್ಸು ಶೇ. 90 ಅಂತ ಕಂಡರೆ ಹೋದ ಜೀವ ಬಂದಂತಾಗುತ್ತದೆ, ಇನ್ನೊಂದರಲ್ಲಿ ತೊಡಕು ಶೇ. 20 ಅಂತ ಕಂಡರೆ ಕೈಕಾಲು ತಣ್ಣಗಾಗುತ್ತದೆ. ಸ್ವಲ್ಪ ತಾಳಿ. ಆ ಅಂಕಿ ಯಾರನ್ನು ಎಣಿಸಿ ಬಂತು, ಏನನ್ನು ಎಣಿಸಿ ಬಂತು, ಯಾವಾಗ ಎಣಿಸಿದರು ಅಂತ ನೋಡದೆ ಅದಕ್ಕೆ ಅರ್ಥವೇ ಇಲ್ಲ. (ತುರ್ತು ಆಪರೇಷನ್ ಆದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಡಾಕ್ಟರ್ ಜೊತೆ ಮಾತಾಡಿ.)

ಮೊದಲು ರೋಗಿಗಳ ವಿವರ ಇರುವ ಟೇಬಲ್‌ಗೆ ಹೋಗಿ. ಸಾಮಾನ್ಯವಾಗಿ ಅದೇ ಮೊದಲ ಟೇಬಲ್. ವಯಸ್ಸೆಷ್ಟು, ಆಸ್ಪತ್ರೆಗೆ ಬಂದಾಗ ಎಚ್ಚರ ಇತ್ತಾ, ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಾ ಅಥವಾ ಅರ್ಧರಾತ್ರಿ ಮಾಡಿದ್ದಾ ಅನ್ನೋದು ಅಲ್ಲಿರುತ್ತದೆ. 40 ವರ್ಷದ, ನಡೆದುಕೊಂಡೇ ಬಂದ ರೋಗಿಗಳ ಲೆಕ್ಕವನ್ನು ನಿಮ್ಮ 78ರ ಅಜ್ಜನಿಗೆ ಹಚ್ಚೋಕೆ ಆಗಲ್ಲ ಅಲ್ವಾ? ಕೊನೆವರೆಗೆ ಎಷ್ಟು ಜನ ಸಿಕ್ಕರು ಅಂತಲೂ ನೋಡಿ. 100 ಜನರಲ್ಲಿ 70 ಜನ ಮಾತ್ರ ತಪಾಸಣೆಗೆ ವಾಪಸ್ ಬಂದಿದ್ದರೆ, ಉಳಿದ 30 ಜನ ಗುಣವಾಗಿ ಆರಾಮಾಗಿ ಇರಬಹುದು, ತೀರಿಕೊಂಡಿರಲೂಬಹುದು.

ಇನ್ನು 'ಒಳ್ಳೆಯ ಫಲಿತಾಂಶ' ಅನ್ನೋ ಮಾತು. ಹೆಚ್ಚಿನ ಮೋಸ ಆಗೋದು ಇಲ್ಲೇ, ಯಾರೂ ಬೇಕಂತ ಮಾಡದೆ. ತುಂಬಾ ಕಡೆ ಬಳಸುವ ರಾಂಕಿನ್ ಅಳತೆಯಲ್ಲಿ 0 ಅಂದರೆ ಏನೂ ತೊಂದರೆ ಇಲ್ಲ, 6 ಅಂದರೆ ಸಾವು. ನಡುವಿನ 3 ಅಂದರೆ ತಾನೇ ನಡೆಯಬಲ್ಲ, ಆದರೆ ದಿನದ ಕೆಲಸಕ್ಕೆ ಸ್ವಲ್ಪ ಸಹಾಯ ಬೇಕು. ಕೆಲವು ಪೇಪರ್‌ಗಳು 2ರವರೆಗೆ ಮಾತ್ರ ಒಳ್ಳೆಯದು ಅನ್ನುತ್ತವೆ, ಕೆಲವು 3ನ್ನೂ ಸೇರಿಸಿಕೊಳ್ಳುತ್ತವೆ. ಅದೇ ರೋಗಿ ಒಂದರಲ್ಲಿ ಪಾಸು, ಇನ್ನೊಂದರಲ್ಲಿ ಫೇಲು.

2016ರಲ್ಲಿ ಬಂದ ರೆಸ್ಕ್ಯೂ ಐಸಿಪಿ ಅಧ್ಯಯನವನ್ನೇ ತಗೊಳ್ಳಿ. ತಲೆಗೆ ಪೆಟ್ಟುಬಿದ್ದು ಒಳಗಿನ ಒತ್ತಡ ಔಷಧಿ ಕೊಟ್ಟರೂ ಇಳಿಯದೆ ಇದ್ದ 408 ಜನರನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ತಲೆಬುರುಡೆಯ ದೊಡ್ಡ ತುಂಡನ್ನೇ ತೆಗೆಯೋದು, ಉಳಿದವರಿಗೆ ಔಷಧಿ ಮುಂದುವರಿಸೋದು ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. 6 ತಿಂಗಳಲ್ಲಿ ಆಪರೇಷನ್ ಗುಂಪಿನಲ್ಲಿ ಶೇ. 26.9 ಸಾವು, ಔಷಧಿ ಗುಂಪಿನಲ್ಲಿ ಶೇ. 48.9. ಇಲ್ಲಿಗೇ ನಿಲ್ಲಿಸಿದರೆ ಆಪರೇಷನ್ ಗೆದ್ದಿತು. ಒಂದು ಸಾಲು ಕೆಳಗೆ ಬನ್ನಿ. ಕಣ್ಣು ಬಿಟ್ಟಿದ್ದರೂ ಪ್ರಜ್ಞೆ ಇಲ್ಲದೆ ಉಳಿದವರು ಆಪರೇಷನ್ ಗುಂಪಿನಲ್ಲಿ ಶೇ. 8.5, ಔಷಧಿಯಲ್ಲಿ ಶೇ. 2.1. ಆಪರೇಷನ್ ಗುಂಪಿನಲ್ಲಿ ಆರೈಕೆಗೆ ಬೇರೆಯವರನ್ನೇ ನಂಬಿಕೊಂಡು ಬದುಕುವವರೂ ಜಾಸ್ತಿ, ಮನೆಯೊಳಗೆ ತಮ್ಮಷ್ಟಕ್ಕೆ ತಾವು ಇರಬಲ್ಲವರೂ ಜಾಸ್ತಿ. ಪೂರ್ತಿ ಚೇತರಿಸಿಕೊಂಡವರ ಪ್ರಮಾಣದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಯಾವುದು ನಿಮ್ಮವರಿಗೆ ಒಪ್ಪಿಗೆ ಆಗುತ್ತಿತ್ತು ಅನ್ನೋದನ್ನು ಯಾವ ಟೇಬಲ್ಲೂ ಹೇಳಲ್ಲ. ನಾನೂ ಮೊದಲೆಲ್ಲ ಸಾರಾಂಶ ಓದಿ ಅರ್ಥ ಆಯ್ತು ಅಂದುಕೊಳ್ಳುತ್ತಿದ್ದೆ, ಇದನ್ನು ಓದಿದ ಮೇಲೆ ಆ ಚಟ ಬಿಟ್ಟೆ.

ಕಾಲದ ಮಾತೂ ಇದರಲ್ಲೇ ಸಿಗುತ್ತದೆ. ಮನೆಯೊಳಗೆ ಸ್ವತಂತ್ರವಾಗಿ ಇರೋದನ್ನೇ 'ಒಳ್ಳೆಯದು' ಅಂತ ಹಿಡಿದರೆ, 6 ತಿಂಗಳಿಗೆ ಎರಡೂ ಗುಂಪಿನ ವ್ಯತ್ಯಾಸ ಬರೀ ಆಕಸ್ಮಿಕ ಇರಬಹುದಿತ್ತು. 12 ತಿಂಗಳಿಗೆ ಹಾಗೆ 'ಒಳ್ಳೆಯದು' ಆದವರು ಆಪರೇಷನ್ ಗುಂಪಿನಲ್ಲಿ ಶೇ. 45.4, ಔಷಧಿ ಗುಂಪಿನಲ್ಲಿ ಶೇ. 32.4 ಆದರು. ಮೆದುಳು ನಿಧಾನಕ್ಕೆ ಸುಧಾರಿಸುತ್ತದೆ, ಹಾಗಾಗಿ ಡಿಸ್ಚಾರ್ಜ್ ದಿನದ ಲೆಕ್ಕ ಮಾತ್ರ ಕೊಟ್ಟ ಪೇಪರನ್ನು ನಾನು ಪಕ್ಕಕ್ಕಿಡುತ್ತೇನೆ.

ಪರ್ಸೆಂಟಿನ ಆಟ ಇನ್ನೊಂದು. ಮೆದುಳಿನ ಮೇಲೆ ನಿಧಾನವಾಗಿ ಕಟ್ಟಿಕೊಂಡ ಹಳೇ ರಕ್ತವನ್ನು ತೆಗೆದ ಮೇಲೆ ಒಂದು ಕೊಳವೆ ಬಿಟ್ಟರೆ ಒಳ್ಳೆಯದಾ ಅಂತ 2009ರಲ್ಲಿ ಒಂದು ಅಧ್ಯಯನ ಬಂತು. ಮತ್ತೆ ರಕ್ತ ಕಟ್ಟಿ ಇನ್ನೊಮ್ಮೆ ತೆಗೆಯಬೇಕಾಗಿ ಬಂದದ್ದು ಕೊಳವೆ ಇಲ್ಲದವರಲ್ಲಿ ಶೇ. 24, ಇದ್ದವರಲ್ಲಿ ಶೇ. 9.3. ಇದನ್ನೇ 'ಶೇ. 61 ಇಳಿಕೆ' ಅಂತಲೂ ಬರೆಯಬಹುದು, 'ನೂರು ಜನರಲ್ಲಿ ಸುಮಾರು 15 ಜನ ಬಚಾವ್' ಅಂತಲೂ ಬರೆಯಬಹುದು. ಎರಡನೆಯದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಸೊನ್ನೆ ಕಂಡರೂ ಖುಷಿಪಡಬೇಡಿ. '30 ರೋಗಿಗಳಲ್ಲಿ ಒಬ್ಬರಿಗೂ ಸೋಂಕಾಗಲಿಲ್ಲ' ಅಂತಿದ್ದರೆ 3ನ್ನು ರೋಗಿಗಳ ಸಂಖ್ಯೆಯಿಂದ, ಅಂದರೆ 30ರಿಂದ ಭಾಗಿಸಿ (ಸೊನ್ನೆ ಬಂದಾಗ ಬಳಸುವ ಸುಲಭ ಅಂದಾಜು ಲೆಕ್ಕ ಇದು). ನಿಜವಾದ ಅಪಾಯ ಶೇ. 10ರವರೆಗೂ ಇರಬಹುದು ಅಂತ ಅರ್ಥ. ಹಾಗೇ, ತೊಡಕು ಅಂದರೆ ಏನೇನು ಸೇರಿಸಿದ್ದಾರೆ ನೋಡಿ. ಸೋಂಕು, ಫಿಟ್ಸ್, ಮೆದುಳಿನ ನೀರು ಸೋರುವುದು ಎಲ್ಲ ಬರೆದುಕೊಂಡ ಆಸ್ಪತ್ರೆಯ ಅಂಕಿ, ಎರಡನೇ ಸಲ ಆಪರೇಷನ್ ಆದವರನ್ನು ಮಾತ್ರ ಬರೆದುಕೊಂಡ ಆಸ್ಪತ್ರೆಗಿಂತ ಕೆಟ್ಟದಾಗಿಯೇ ಕಾಣುತ್ತದೆ.

ಇಷ್ಟಾದ ಮೇಲೆ ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಇಂಥ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಇದೇ ವಯಸ್ಸಿನವರು ಒಂದು ವರ್ಷದ ನಂತರ ಹೇಗಿದ್ದಾರೆ, ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ? ಕೊನೆಯದನ್ನು ಕೇಳೋಕೆ ಎಲ್ಲರೂ ಹಿಂಜರಿಯುತ್ತಾರೆ, ಅದಕ್ಕೇ ಅದನ್ನೇ ಮೊದಲು ಬರೆಯಿರಿ.