ಗುಡ್ಡದ ಹಿಂದಿನ ಮನೆಗೆ ಭದ್ರಾವತಿ ಎಫ್‌ಎಂ

ಶಿವಮೊಗ್ಗದ ಗಾಂಧಿ ಬಜಾರ್‌ನ ಸಂದಿಯೊಂದರಲ್ಲಿ ನಾನು ರೇಡಿಯೋ ರಿಪೇರಿಗೆ ಕೂತ ಕಾಲದಲ್ಲಿ ಸೆಟ್ಟು ಸರಿಯಾಯಿತೋ ಇಲ್ಲವೋ ಅನ್ನುವುದಕ್ಕೆ ಇದ್ದದ್ದು ಒಂದೇ ಪರೀಕ್ಷೆ. ಮೀಡಿಯಂ ವೇವ್‌ನಲ್ಲಿ ಮುಳ್ಳು 675ಕ್ಕೆ ತಿರುಗಿಸಬೇಕು, ಭದ್ರಾವತಿ ಮಾತಾಡಬೇಕು. ಮಾತಾಡಿದರೆ ಗಿರಾಕಿ ದುಡ್ಡು ಬಿಚ್ಚುತ್ತಿದ್ದ. ವಿವಿಧಭಾರತಿ, ಸಿಲೋನ್ ಎಲ್ಲ ಆಮೇಲೆ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ ನಮ್ಮ ಕಡೆಯವರಿಗೆ ‘ರೇಡಿಯೋ ಸ್ಟೇಷನ್’ ಆಗಿರಲಿಲ್ಲ, ಬರೀ ‘ಭದ್ರಾವತಿ’. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಇದ್ದ ಊರೇ ಆದರೂ, ತೋಟದ ಮನೆಯವರು ‘ಭದ್ರಾವತಿ ಹಾಕು’ ಅಂದರೆ ಅದು ರೇಡಿಯೋನೇ.

ಅದೇ ಕೇಂದ್ರ ಮುಂದೆ 103.5ರಲ್ಲಿ ಎಫ್‌ಎಂಗೂ ಬಂತು. ಪೇಟೆಯಲ್ಲಿ ಹಬ್ಬ. ಗರಗರ ಇಲ್ಲ, ಕೊಳಲಿನ ಉಸಿರೂ ಕೇಳುತ್ತದೆ. ಅಂಗಡಿಗೆ ಬರುವವರ ಬೇಡಿಕೆಯೂ ಬದಲಾಯಿತು: ‘ಹಳೇ ರೇಡಿಯೋಕ್ಕೆ ಎಫ್‌ಎಂ ಹಾಕ್ಕೊಡಿ.’ ಮರದ ಪೆಟ್ಟಿಗೆಯ ಸೆಟ್ಟನ್ನು ಎಸೆಯಲು ಯಾರಿಗೂ ಮನಸ್ಸಿಲ್ಲ, ಅದು ಮದುವೆಯಲ್ಲಿ ಬಂದದ್ದು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಣ್ಣ ಎಫ್‌ಎಂ ಬೋರ್ಡುಗಳನ್ನು ತರಿಸುತ್ತಿದ್ದೆ. ಬೋರ್ಡಿನ ಔಟ್‌ಪುಟ್ಟನ್ನು ಹಳೇ ಸೆಟ್ಟಿನ ವಾಲ್ಯೂಮ್ ಕಂಟ್ರೋಲಿನ ಮೇಲಿನ ಕಾಲಿಗೆ ಕೊಟ್ಟು, ನಡುವೆ ಒಂದು ಸ್ವಿಚ್ ಹಾಕಿದರೆ ಕೆಲಸ ಅರ್ಧ ಮುಗಿಯಿತು. ಉಳಿದರ್ಧವೇ ಕಷ್ಟ. ಸ್ಟೇಷನ್ ಎಲ್ಲಿ ಸಿಗಬೇಕು ಅಂತ ನಿರ್ಧರಿಸುವ ಆಸಿಲೇಟರ್ ಕಾಯಿಲ್ ಅಂದರೆ ಐದಾರು ಸುತ್ತು ತಂತಿ. ಸುತ್ತುಗಳನ್ನು ಕೂದಲೆಳೆಯಷ್ಟು ಅಗಲಿಸಿದರೂ ಸ್ಟೇಷನ್ ಜಾಗ ಬಿಡುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಒಯ್ದರೂ ಅಷ್ಟೇ, ಅದಕ್ಕೇ ಬಿದಿರ ಕಡ್ಡಿ ಕೆತ್ತಿ ಇಟ್ಟುಕೊಂಡಿದ್ದೆ. ಮೊದಲ ಮಳೆಗಾಲ ನನಗೆ ಚೆನ್ನಾಗಿ ಪಾಠ ಕಲಿಸಿತು. ಆಷಾಢದ ಥಂಡಿಗೆ ಸೆಟ್ಟುಗಳೆಲ್ಲ ಟ್ಯೂನಿಂಗ್ ಜಾರಿ ವಾಪಸ್ ಬಂದವು. ಆಮೇಲಿಂದ ಕಾಯಿಲ್ ಮೇಲೆ ಮೇಣದಬತ್ತಿ ಹನಿಸಿಯೇ ಕಳಿಸುತ್ತಿದ್ದೆ.

ಅಷ್ಟರಲ್ಲಿ ಮಂಡಗದ್ದೆ ಕಡೆಯ ತೋಟದ ಯಜಮಾನರೊಬ್ಬರು ಸೆಟ್ಟು ಕಂಕುಳಲ್ಲಿಟ್ಟುಕೊಂಡು ಬಂದರು. ‘ಎಂಥದ್ದು ಮಾರಾಯಾ ನಿನ್ನ ಎಫ್‌ಎಂ? ಅಂಗಡೀಲಿ ಹಾಡತ್ತೆ, ಮನೇಲಿ ಬುಸ್ ಅನ್ನತ್ತೆ!’

‘ಮನೆ ಎಲ್ಲಿ ಬರತ್ತೆ ಅಯ್ಯಾ?’

‘ಗುಡ್ಡದ ಬುಡದಲ್ಲಿ.’

ತಪ್ಪು ಬೋರ್ಡಿನದಲ್ಲ ಅಂತ ಅಲ್ಲೇ ಗೊತ್ತಾಯಿತು. 675 ಕಿಲೋಹರ್ಟ್ಸ್ ಅಂದರೆ ಅಲೆಯ ಉದ್ದ ಸುಮಾರು 444 ಮೀಟರ್. ಅದು ನೆಲ ಹಿಡಿದು, ಗುಡ್ಡ ಬಳಸಿಕೊಂಡು ಅಡಿಗೆಮನೆಯವರೆಗೂ ಬರುತ್ತದೆ. 103.5 ಮೆಗಾಹರ್ಟ್ಸ್‌ನ ಎಫ್‌ಎಂ ಅಲೆ ಮೂರು ಮೀಟರೂ ಇಲ್ಲ, ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ನಡಿಗೆ. ಗುಡ್ಡ ಅಡ್ಡ ಬಂದರೆ ಆಚೆ ಬರೀ ನೆರಳು. ಆ ನೆರಳಿನಲ್ಲೂ ಎಲ್ಲೋ ಒಂದಿಷ್ಟು ಸೋರಿಕೆ ಇರುತ್ತದೆ, ಹುಡುಕಬೇಕು.

ಭಾನುವಾರ ಬೈಕಿನಲ್ಲಿ ಹೋದೆ. ಆಂಟೆನಾ ಕಟ್ಟುವ ಲೆಕ್ಕ ಸುಲಭ: ಒಂದೊಂದು ತೋಳು ಅಲೆಯ ಕಾಲುಭಾಗಕ್ಕಿಂತ ತುಸು ಕಡಿಮೆ, 69 ಸೆಂಟಿಮೀಟರ್, ಹಾಗೆ ಎರಡು ಅಲ್ಯೂಮಿನಿಯಂ ಕೊಳವೆ, ನಡುವೆ ಒಣ ಮರದ ತುಂಡು, ಅಲ್ಲಿಂದ ಟಿವಿಯ 75 ಓಮ್ ಕೇಬಲ್. ತೋಳುಗಳನ್ನು ಉತ್ತರ-ದಕ್ಷಿಣಕ್ಕೆ ಚಾಚಿದರೆ ಎದೆ ಪೂರ್ವಕ್ಕೆ, ಭದ್ರಾವತಿ ಕಡೆ. ದೋಟಿಗೆ ಕಟ್ಟಿ ಅಂಗಳವೆಲ್ಲ ತಿರುಗಿದೆ. ಯಜಮಾನರು ಜಗಲಿಯಲ್ಲಿ ರೇಡಿಯೋ ಎದುರು ಕೂತು ‘ಬಂತು... ಹೋಯ್ತು... ಹಾಂ, ಬಂತು’ ಅನ್ನುತ್ತಿದ್ದರು. ಬಚ್ಚಲುಮನೆಯ ಮೂಲೆಯಲ್ಲಿ ಸ್ವಚ್ಛವಾಗಿ ಬಂತು. ಎರಡು ಹೆಜ್ಜೆ ಈಚೆಗೆ ಏನೂ ಇಲ್ಲ. ಎದುರು ಗುಡ್ಡಕ್ಕೆ ಬಡಿದು ವಾಪಸ್ ಬಂದದ್ದು ಅಲ್ಲಿಗೆ ಬೀಳುತ್ತಿತ್ತೋ ಏನೋ. ಮಾಡಿನಂಚಿಗೆ ಬಿಗಿದು ಊಟ ಮಾಡಿ ಬಂದೆ. ಹಲಸಿನ ಹಪ್ಪಳ ಇತ್ತು.

ಹಾಗಂತ ಹಳೇ ಬ್ಯಾಂಡಿನ ಸ್ವಿಚ್ ತೆಗೆಯಲು ಅವರು ಬಿಡಲಿಲ್ಲ. ಕರೆಂಟು ಹೋಗಿ ಮೂರು ದಿನವಾದಾಗ ತೋಟಕ್ಕೆ ಒಯ್ಯುವ ಪುಟ್ಟ ಸೆಲ್ಲಿನ ಸೆಟ್ಟಿಗೆ 675 ಸಾಕು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಆಳುಗಳ ಪಕ್ಕ ಕೊಂಬೆಗೆ ನೇತುಹಾಕುತ್ತಿದ್ದರು. ಆ ಸೆಟ್ಟಿಗೂ ಸಂಕಟ ಬಂದದ್ದು ಕಾಡುಹಂದಿಗೆ ಅಂತ ಸೋಲಾರ್ ಬೇಲಿ ಹಾಕಿಸಿದ ಮೇಲೆ. ಬೇಲಿಯ ಮಿಷನ್ನು ಸೆಕೆಂಡಿಗೊಮ್ಮೆ ಹೊಡೆಯುವ ಶಾಕು ಮೀಡಿಯಂ ವೇವ್‌ನಲ್ಲಿ ‘ಟಕ್, ಟಕ್’ ಅಂತ ಕೇಳುತ್ತದೆ. ಬೇಲಿಗೆ ತಾಗಿದ ಹುಲ್ಲು ಸವರಿಸಿ, ರೇಡಿಯೋವನ್ನು ಸ್ವಲ್ಪ ತಿರುಗಿಸಿ ಇಡಿ ಅಂದೆ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಬೇಲಿಯ ಕಡೆಗಾದರೆ ಸದ್ದು ತಗ್ಗುತ್ತದೆ.

ಎಫ್‌ಎಂ ಆಂಟೆನಾ ಮಾಡಿನಂಚಿನಲ್ಲಿ ಒಂದೇ ವರ್ಷ ಬಾಳಿತು. ಮುಸ್ಯಗಳು ಜೋತಾಡಿ ಒಂದು ತೋಳು ಕಿತ್ತವು. ಯಜಮಾನರ ಫೋನು: ‘ಮಾರಾಯಾ, ಮಂಗ ಭದ್ರಾವತಿ ಹೊತ್ಕೊಂಡ್ ಹೋಯ್ತು!’ ಈ ಸಲ ಹೆಂಚಿನ ಕೆಳಗೇ, ಬಚ್ಚಲುಮನೆಯ ಮೇಲಿನ ಅಟ್ಟದಲ್ಲಿ ಕಟ್ಟಿದೆ. ಹೆಂಚು ಅಲೆಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಅಡಿಕೆ ಮೂಟೆಗಳ ಮೇಲೆ ಈಗಲೂ ಅಲ್ಲೇ ಇದೆ.