ಕೈಪಂಪಿನ ನೊರೆಯಲ್ಲಿ ಕಾರು ತೊಳೆಯುವುದು: ನನ್ನ ಅನುಭವ

ಎರಡು ಲೀಟರಿನ ಕೈಪಂಪ್ ಫೋಮ್ ಸ್ಪ್ರೇಯರ್ (ಕೈಯಲ್ಲಿ ಗಾಳಿ ಪಂಪ್ ಮಾಡಿ ನೊರೆ ಹೊಡೆಯುವ ಬಾಟಲಿ) ಗಿಡಕ್ಕೆ ಔಷಧಿ ಹೊಡೆಯಲಿಕ್ಕೆ ಸರಿ, ಕಾರಿಗೆ ಅಲ್ಲ ಎಂದವರೇ ಈಗ ಬಾಟಲಿ ಎಲ್ಲಿ ತಗೊಂಡದ್ದು ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಕಪ್ಪು ಬಣ್ಣದ ಕಾರು, ಮನೆ ಉಡುಪಿಯ ಅಂಬಲಪಾಡಿ ಕಡೆ. ಮುರಕಲ್ಲಿನ ಕೆಂಪು ಧೂಳು ಕಪ್ಪು ಪೈಂಟಿನ ಮೇಲೆ ಹೇಗೆ ಕಾಣುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಎಂಥ ಗೀರು ಬೀಳುತ್ತದೆ ಎಂದು ಈ ಊರಿನವರಿಗೆ ಹೇಳಬೇಕಾಗಿಲ್ಲ.

ಮೊದಲು ದುಡ್ಡು ಸುರಿದದ್ದು ನೀರನ್ನು ಜೋರಾಗಿ ಚಿಮ್ಮಿಸುವ ಪ್ರೆಶರ್ ವಾಷರ್‌ಗೆ. ಅದಕ್ಕೆ 7000ದ ಹತ್ತಿರ, ಅದರ ತುದಿಗೆ ಸಿಕ್ಕಿಸಿ ನೊರೆ ಹೊಡೆಯುವ ಫೋಮ್ ಕ್ಯಾನನ್‌ಗೆ 1300ವೋ 1400ವೋ. ನೊರೆ ಬಂದದ್ದು ನೀರುಮಜ್ಜಿಗೆಯ ಹಾಗೆ. ಮನೆಬಳಕೆಯ ವಾಷರ್ ನಿಮಿಷಕ್ಕೆ 5-6 ಲೀಟರ್ ನೀರು ಕೊಡುವುದು. ಕ್ಯಾನನ್ ಒಳಗಿನ ತೂತು 1.25 ಮಿ.ಮೀ. ಇತ್ತು, ಅಷ್ಟು ನೀರಿಗೆ ಅದು ದೊಡ್ಡದಾಯಿತು. ಅದನ್ನು ತೆಗೆದು 1.1ರದ್ದು ಹಾಕಿದೆ. ಆಮೇಲೆ ನೋಡಬೇಕು, ಕಾರೇ ಕಾಣದಷ್ಟು ನೊರೆ! ಭಾವ ಬಂದು ವಿಡಿಯೋ ತೆಗೆದು, "ಎಂತ ಭಾವ, ಕಾರಿಗೆ ಶೇವಿಂಗಾ?" ಎಂದು ಕೇಳಿ ಮನೆಯವರ ಗ್ರೂಪಿಗೆ ಹಾಕಿದರು. ಅಷ್ಟು ನೊರೆ ಹೊಡೆದು ತೊಳೆದರೂ ಬಾಗಿಲಿನ ಕೆಳಗಿನ ಕೆಂಪು ಹಾಗೆಯೇ ಇತ್ತು. ದಪ್ಪ ನೊರೆ ಅಂಟಿಕೊಂಡು ನಿಲ್ಲುತ್ತದೆ, ಆದರೆ ಅದರಲ್ಲಿ ಧೂಳು ನೆನೆಸುವಷ್ಟು ನೀರೇ ಇರುವುದಿಲ್ಲ. ಮೇ ತಿಂಗಳಲ್ಲಿ ಬಾವಿ ತಳ ಕಂಡ ಮೇಲೆ ವಾಷರನ್ನು ಸ್ನೇಹಿತನಿಗೆ 4000ಕ್ಕೆ ದಾಟಿಸಿದೆ.

ಕೈಪಂಪಿಗೆ ಬಂದದ್ದು ಹಾಗೆ. ಮೊದಲ ಬಾಟಲಿ 400 ರೂಪಾಯಿಯದ್ದು. ಬೋರ್‌ವೆಲ್ ನೀರು ಹಾಕಿದ್ದೇ ಹಾಕಿದ್ದು, ನಾಝಲ್ ಒಳಗಿನ ಜಾಲರಿಯಲ್ಲಿ ಕಬ್ಬಿಣದ ಕೆಸರು ಕೂತು ನೊರೆಯ ಬದಲು ಹನಿ ಬೀಳತೊಡಗಿತು. ಅಂದಿನಿಂದ ಬಾವಿನೀರೇ, ಅದೂ ಬಟ್ಟೆಯಲ್ಲಿ ಸೋಸಿ. ಪಂಪ್ ಬಿಗಿಯಾಯಿತೆಂದು ಅಂಗಡಿಯವರ ಮಾತಿನಂತೆ ರಬ್ಬರ್ ರಿಂಗಿಗೆ ತೆಂಗಿನೆಣ್ಣೆ ಹಚ್ಚಿದೆ. ವಾರದೊಳಗೆ ರಿಂಗ್ ಉಬ್ಬಿ, ಪಂಪಿನ ದಂಡ ಮೇಲೂ ಇಲ್ಲ ಕೆಳಗೂ ಇಲ್ಲ. ಕೆಲವು ಜಾತಿಯ ರಬ್ಬರಿಗೆ ಎಣ್ಣೆಯೇ ಶತ್ರು. ಸಿಲಿಕೋನ್ ಗ್ರೀಸ್ ಸಣ್ಣ ಟ್ಯೂಬ್ ತಂದಿಟ್ಟುಕೊಳ್ಳಿ, ವರ್ಷಗಟ್ಟಲೆ ಬರುತ್ತದೆ. ಎರಡನೆಯ ಬಾಟಲಿಗೆ 900 ಕೊಟ್ಟೆ, ಅದೇ ಈಗಲೂ ಓಡುತ್ತಿದೆ.

ಬಾಟಲಿಯನ್ನು ಕಂಠದವರೆಗೆ ತುಂಬಿಸಬೇಡಿ. ಒಂದೂವರೆ ಲೀಟರ್ ಸಾಕು, ಮೇಲೆ ಗಾಳಿಗೆ ಜಾಗ ಬೇಕು. ಅಷ್ಟಕ್ಕೆ ಕಾರ್ ಶ್ಯಾಂಪೂ ನಾನು ಹಾಕುವುದು 40 ಎಂ.ಎಲ್. ಆಸುಪಾಸು. ನೊರೆ ಬಾಗಿಲಿನ ಮೇಲಿಂದ ನಿಧಾನ ಜಾರಬೇಕು. ಜಾರದೆ ನಿಂತರೆ ನೀರು ಕಡಿಮೆ, ಕೂಡಲೇ ಓಡಿಹೋದರೆ ಶ್ಯಾಂಪೂ ಕಡಿಮೆ. ಇದರ ಜೊತೆಗೆ ಇನ್ನೊಂದನ್ನು ಸ್ವಲ್ಪ ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೆಳಿಗ್ಗೆ ಏಳರೊಳಗೆ, ಬಾನೆಟ್ ತಣ್ಣಗಿರುವಾಗ ಶುರು. ಒಣ ಕಾರಿನ ಮೇಲೆಯೇ ಮೊದಲ ಬಾಟಲಿ ನೊರೆ, ಅದೂ ಕೆಳಗಿನ ಅರ್ಧಕ್ಕೆ ಮಾತ್ರ: ಬಾಗಿಲಿನ ಅಡಿ, ಬಂಪರ್, ಚಕ್ರದ ಸುತ್ತ. ನಾಲ್ಕೈದು ನಿಮಿಷ ಬಿಟ್ಟರೆ ಕೆಂಪು ನೀರು ಗೆರೆ ಗೆರೆಯಾಗಿ ಇಳಿದು ಅಂಗಳದ ಇಂಟರ್‌ಲಾಕ್ ಸಂದಿಗೆ ಹೋಗುವುದು ಕಾಣುತ್ತದೆ. ಒಣಗಲು ಬಿಡದೆ ಪೈಪಿನಲ್ಲಿ ನೀರು ಬಿಟ್ಟು ತೊಳೆದುಬಿಡಿ. ಎರಡನೆಯ ಬಾಟಲಿ ನೊರೆ ಇಡೀ ಕಾರಿಗೆ, ಆಗಲೇ ಮಿಟ್ (ಉಜ್ಜುವ ಮೆತ್ತನೆಯ ಕೈಗವಸು) ಕೈಗೆ. ಮುಟ್ಟದೆ ಬರೀ ನೊರೆಯಲ್ಲೇ ಕಾರು ಫಳಫಳ ಎನ್ನುವವರ ಮಾತು ನಂಬಬೇಡಿ. ದೊಡ್ಡ ಮಣ್ಣು ಹೋಗುತ್ತದೆ, ತೆಳು ಪೊರೆ ಕೈ ಹಾಕದೆ ಹೋಗುವುದಿಲ್ಲ. ಮಾವು ಹೂ ಬಿಟ್ಟಾಗ ಬೀಳುವ ಜಿಗುಟು ಇದಕ್ಕೆ ಬಗ್ಗುವುದೇ ಇಲ್ಲ, ಅದರ ಮೇಲೆ ಮೊದಲೇ ಒದ್ದೆ ಬಟ್ಟೆ ಹಾಸಿಡಬೇಕು.

ನಡುವೆ ಅಂಟುವಾಳವನ್ನೂ ನೋಡಿದೆ. ಅಮ್ಮ ರೇಷ್ಮೆ ಸೀರೆಗೆಂದು ಇಟ್ಟಿದ್ದ ಕಾಯಿಯನ್ನು ರಾತ್ರಿ ನೆನೆಹಾಕಿ, ಕಿವುಚಿ, ಸೋಸಿ ಸ್ಕೂಟರಿಗೆ ಹೊಡೆದೆ. ನೊರೆ ಭಾರೀ ಚೆನ್ನಾಗಿ ಬಂತು! ಆದರೆ ಎಷ್ಟು ಸೋಸಿದರೂ ಸಿಪ್ಪೆಯ ಪುಡಿ ಉಳಿದು, ಅರ್ಧ ಸ್ಕೂಟರ್ ಆಗುವಾಗ ಜಾಲರಿ ಕಟ್ಟಿತು. ಕಾಫಿ ಫಿಲ್ಟರಿನಲ್ಲಿ ಇಳಿಸಿ ಇನ್ನೊಮ್ಮೆ ನೋಡಬೇಕೆಂದಿದೆ, ಅಮ್ಮ ಡಬ್ಬ ಅಡಗಿಸಿಟ್ಟಿದ್ದಾರೆ.

ಈಗ ಒಂದು ಸಲಕ್ಕೆ ಶ್ಯಾಂಪೂ ಖರ್ಚು 30-40 ರೂಪಾಯಿ, ನೀರು ಎರಡು ಮೂರು ಕೊಡಪಾನ. ಪೇಟೆಯಲ್ಲಿ ಫೋಮ್ ವಾಶ್ ಮಾಡಿಸಿದಾಗ 450 ಕೊಟ್ಟ ನೆನಪು. ಮಲ್ಪೆ ಬೀಚಿಗೆ ಹೋಗಿ ಬಂದ ದಿನ ಮಾತ್ರ ಈ ಬಾಟಲಿ ಪ್ರಯೋಜನಕ್ಕಿಲ್ಲ. ಉಪ್ಪು ಕೂರುವುದು ಕಾರಿನ ಹೊಟ್ಟೆಯ ಅಡಿಯಲ್ಲಿ, ಅಲ್ಲಿಗೆ ಪೈಪನ್ನೇ ತೂರಿಸಬೇಕು. ಮುಗಿದ ಮೇಲೆ ಬಾಟಲಿಯ ಗಾಳಿ ಬಿಟ್ಟು, ಚೊಕ್ಕ ನೀರು ತುಂಬಿಸಿ ಹತ್ತು ಸಲ ಹೊಡೆದಿಡಿ. ಜಾಲರಿ ಬಿಚ್ಚಿ ತೊಳೆಯುವುದು ತಿಂಗಳಿಗೊಮ್ಮೆ.