ಪಂಚಕರ್ಮ ಕೋರ್ಸಿಗೆ ಸೇರುವ ಮುಂಚೆ

ಆಯುರ್ವೇದದ ಪಂಚಕರ್ಮ ಥೆರಪಿ ಕಲಿಯಬೇಕು ಅಂತಿರುವವರು ಫೀಸು ಕಟ್ಟುವ ಮುಂಚೆ ಒಂದು ದಿನ ಆ ಸಂಸ್ಥೆಗೆ ಹೋಗಿ ಬನ್ನಿ. ಆಫೀಸಿನಲ್ಲಿ ಕೂತು ಮಾತಾಡಿದರೆ ಸಾಲದು, ಪ್ರಾಕ್ಟಿಕಲ್ ನಡೆಯುವ ಕೋಣೆ ನೋಡಬೇಕು. ಮಲಗಿಸಿ ಎಣ್ಣೆ ಚಿಕಿತ್ಸೆ ಕೊಡುವ ಮರದ ದ್ರೋಣಿಯನ್ನು ಮುಟ್ಟಿ ನೋಡಿ. ದಿನಾ ಬಳಸುವುದಾದರೆ ಎಣ್ಣೆಯ ಪಸೆ ಕೈಗೆ ಹತ್ತುತ್ತದೆ. ಹಣೆಯ ಮೇಲೆ ಎಣ್ಣೆ ಧಾರೆ ಬಿಡುವ ಶಿರೋಧಾರೆ ನಡೆಯುತ್ತಿದ್ದರೆ ಗಮನಿಸಿ: ಪಾತ್ರೆ ಹಣೆಯಿಂದ ನಾಲ್ಕು ಬೆರಳು ಎತ್ತರದಲ್ಲಿರಬೇಕು, ಎಣ್ಣೆ ತುಂಡಾಗದೆ ಒಂದೇ ಧಾರೆಯಾಗಿ ಬೀಳಬೇಕು. ಇದನ್ನು ಕಲಿಯುವವರ ಕೈಯಲ್ಲೇ ಮಾಡಿಸುತ್ತಾರಾ, ಇಲ್ಲ ಸುಮ್ನೆ ತೋರಿಸಿ ಬಿಡುತ್ತಾರಾ? ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಇದೇ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: "ಯಾರಿಗೆ ಮಸಾಜ್ ಮಾಡಬಾರದು?" ಜ್ವರ, ಅಜೀರ್ಣ ಇದ್ದವರಿಗೆ ಅಭ್ಯಂಗ, ಅಂದರೆ ಎಣ್ಣೆ ಮಸಾಜ್, ಬೇಡ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಲೇಬಾರದು, ಮೊದಲು ಡಾಕ್ಟರಿಗೆ ತೋರಿಸಬೇಕು. ಇದನ್ನು ಹೇಳಲು ಮೇಷ್ಟ್ರೇ ತಡವರಿಸಿದರೆ ಬೇರೆ ಕಡೆ ನೋಡಿ.

ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಅಂತಲೂ ವಿಚಾರಿಸಿ. ಪಂಚಕರ್ಮ ಟೆಕ್ನೀಷಿಯನ್ ಕೋರ್ಸು ಆರೋಗ್ಯ ವಲಯದ ಕೌಶಲ ತರಬೇತಿ ನೋಡಿಕೊಳ್ಳುವ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನಲ್ಲಿದೆ. ಸ್ಪಾ ಥೆರಪಿಸ್ಟ್ ಬೇರೆ, ಅದು ಬ್ಯೂಟಿ ಅಂಡ್ ವೆಲ್‌ನೆಸ್ ಕೌನ್ಸಿಲ್‌ನದು. ಹಳೇ ವಿದ್ಯಾರ್ಥಿಯೊಬ್ಬರ ಸರ್ಟಿಫಿಕೇಟನ್ನೇ ತೋರಿಸಿ ಅಂತ ಕೇಳಿ, ಸಂಕೋಚ ಬೇಡ.